ನೀರುಗಂಟಿಯ ಸ್ನಾನ

"ಮುಚ್ಚಳ ತೆಗೀಬ್ಯಾಡ ಕಣ್ಲಾ ಶಿವ" ಎಂದು ಸಿದ್ದಮ್ಮ ಕೂಗುವಷ್ಟರಲ್ಲಿ ಶಿವಕುಮಾರ ನೀರಿನ ಕ್ಯಾನಿನ ಬಾಯಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದಾಗಿತ್ತು. ಅಂಗಳದ ಹಲಗೆಯ ಮೇಲೆ ಅವನ ಅಪ್ಪ ಕೆಂಪಯ್ಯ ಕೊನೆಯ ಸ್ನಾನಕ್ಕೆ ಕಾದು ಮಲಗಿದ್ದ.

"ಬಾಡಿ ಜಾಸ್ತಿ ಹೊತ್ತು ಮಡಗಂಗಿಲ್ಲ ಕಣವ್ವ. ಹನ್ನೆರಡ್ರೊಳಗೆ ಎತ್ತಬೇಕು."

"ಬಾಡಿ ಅನ್ಬ್ಯಾಡ. ನಿಮ್ಮಪ್ಪ ಅನ್ನು."

ಶಿವಕುಮಾರ ತಲೆ ತಗ್ಗಿಸಿದ. ತಪ್ಪು ಅವನೊಬ್ಬನದಲ್ಲ. ಈ ಊರಲ್ಲಿ ಒಂದು ವಸ್ತು ನೆಟ್ಟಗಿರುವ ತನಕ ಅದಕ್ಕೆ ನಮ್ಮ ಹೆಸರು, ಕೆಟ್ಟ ದಿನದಿಂದ ಇಂಗ್ಲಿಷಿನ ಹೆಸರು. ಕೆರೆಯ ನೀರು 'ಕೆಮಿಕಲ್' ಆಯಿತು. ಅದನ್ನು ನಂಬಿದ್ದ ಗದ್ದೆಬಯಲು 'ವೇಸ್ಟ್ ಲ್ಯಾಂಡ್' ಆಯಿತು. ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಕೆಂಪಯ್ಯ, ಹಂಚುವುದಕ್ಕೇನೂ ಉಳಿಯದ ಮೇಲೆ ಪಂಚಾಯ್ತಿಯ 'ವಾಟರ್‌ಮ್ಯಾನ್' ಆಗಿ ಬೋರ್‌ವೆಲ್ಲಿನ ಸ್ವಿಚ್ಚು ಒತ್ತಿದ. ಆಮೇಲೆ ಎರಡು ವರ್ಷ 'ಪೇಷೆಂಟ್'. ಇವತ್ತು ಬೆಳಗ್ಗೆ ಆರೂಕಾಲಿಗೆ 'ಬಾಡಿ'. ಬಡ್ತಿಯ ಮೇಲೆ ಬಡ್ತಿ, ಪಾಪ.

"ಕೆರೆ ನೀರೇ ಹುಯ್ಯಬೇಕು" ಎಂದಳು ಸಿದ್ದಮ್ಮ. "ನಿಮ್ ತಾತಂಗೂ ತೂಬಿನ ಬಾಯಿಂದ್ಲೇ ತಂದು ಹುಯ್ದಿದ್ದು. ನೀರುಗಂಟಿ ಮನೆ ಪದ್ಧತಿ ಅದು."

"ಆ ನೀರ್ಗೆ ಕೈ ಇಕ್ಕಿದ್ರೆ ಮೂರ್ ದಿನ ಕೆರಕಂಡು ಸಾಯ್ಬೇಕು. ಹೊರೋರ್ಗೆಲ್ಲ ಅಲರ್ಜಿ ಆಯ್ತದೆ ಕಣವ್ವ."

"ನಿಮ್ಮಪ್ಪಂಗೆ ಮಾತು ಕೊಟ್ಟಿವ್ನಿ ಕಣಪ್ಪ."

ಚಪ್ಪರದ ಕಂಬಕ್ಕೆ ಒರಗಿ ಲಕ್ಷ್ಮಯ್ಯ ಕೂತಿದ್ದ. ಬಯಲಿನ ಕೊನೆ ಗದ್ದೆಯವನು. ಹದಿನಾಲ್ಕು ವರ್ಷ ಕೆಂಪಯ್ಯನೊಂದಿಗೆ ಮಾತು ಬಿಟ್ಟವನು ಸಾವಿಗೆ ಬಂದು ಕೂತದ್ದೇ ಹೆಚ್ಚು. ಏನನ್ನುತ್ತಾನೋ ಎಂದು ಎಲ್ಲರೂ ಅವನತ್ತ ತಿರುಗಿದರು.

"ತರ್ಲಿ ಬುಡ್ರಪ್ಪ" ಎಂದ ಅವನು. "ನೀರು ಚೆಂದಾಗೈತೆ ಅಂದೋನು ಅವ್ನೇ ತಾನೆ? ಅದ್ರಲ್ಲೇ ಮಿಂದ್ಕಂಡು ಹೋಗ್ಲಿ."

ಸಿದ್ದಮ್ಮ ಹಿತ್ತಾಳೆ ಬಿಂದಿಗೆ ಸೊಂಟಕ್ಕಿಟ್ಟು ಹೊರಟಳು. ಸೊಸೆ ನವ್ಯಶ್ರೀ ಹಿಂದೆಯೇ ಹೋದಳು.

* * *

ಹದಿನಾಲ್ಕು ವರ್ಷದ ಹಿಂದೆ, ತೂಬಿನಲ್ಲಿ ನೊರೆ ಏಳತೊಡಗಿದ್ದ ಆ ವರ್ಷ, ಬೈರಮಂಗಲದ ಕಡೆಯಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ಜೀಪು ಬಂತು. ಇಳಿದ ಮೂವರು ಏರಿಯ ಮೇಲೆ ನಿಂತು ಸೀಸೆಗಳಿಗೆ ನೀರು ತುಂಬಿಕೊಂಡರು. ಲಕ್ಷ್ಮಯ್ಯ ಬುಡ ಕಪ್ಪಾದ ಭತ್ತದ ಪೈರನ್ನು ಒಂದು ಹಿಡಿ ಕಿತ್ತು ತಂದು, ತೋರಿಸಲು ಕಾದಿದ್ದ. ಊರೆಲ್ಲ ಸೇರಿತ್ತು.

ಅಷ್ಟರಲ್ಲಿ ಬಂದವರಲ್ಲೊಬ್ಬ ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಎಲ್ಲ ಕೆಟ್ಟದ್ದು ಅಲ್ಲಿಯೇ. ಮನೆಯ ಹೆಣ್ಣುಮಗಳನ್ನು ಯಾರೋ ಬೀದಿಯಲ್ಲಿ ಹೀಗಳೆದಂತಾಯಿತು ಕೆಂಪಯ್ಯನಿಗೆ.

"ಏನಾಗೈತೆ ಸ್ವಾಮಿ ನಮ್ ಕೆರೆಗೆ? ನಮ್ಮಪ್ಪ, ತಾತ ಎಲ್ಲ ಕುಡಿದು ಬದ್ಕಿರೋ ನೀರಿದು."

ಹಾಗೆಂದವನೇ ಮೆಟ್ಟಿಲಿಳಿದು, ನೊರೆ ಸರಿಸಿ, ಒಂದು ಬೊಗಸೆ ಎತ್ತಿ ಎಲ್ಲರ ಮುಂದೆ ಗಟಗಟ ಕುಡಿದುಬಿಟ್ಟ.

"ಹಾಗಾದ್ರೆ ನೋ ಕಂಪ್ಲೇಂಟ್ ಅಂತ ಬರ್ಕೊಳ್ಳಲಾ?" ಎಂದ ಕರವಸ್ತ್ರದವನು.

"ಬರ್ಕಳಿ" ಎಂದು ಕೆಂಪಯ್ಯ ಮೀಸೆ ಒರೆಸಿಕೊಂಡು ಸಹಿ ಹಾಕಿದ.

ಲಕ್ಷ್ಮಯ್ಯ ಬಾಯಿ ತೆರೆದ. ನೀರುಗಂಟಿಯೇ ಕುಡಿದು ತೋರಿಸಿದ ಮೇಲೆ ಇನ್ನೊಬ್ಬನ ಮಾತು ಎಲ್ಲಿ ನಡೆದೀತು? ಊರವರು ನಕ್ಕು ಚಪ್ಪಾಳೆ ತಟ್ಟಿದರು. ಹೋದ ಜೀಪು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಸಂಜೆಯ ತನಕ ಕೆಂಪಯ್ಯ ಹಿತ್ತಲಲ್ಲಿ ವಾಂತಿ ಮಾಡಿಕೊಂಡದ್ದು ಸಿದ್ದಮ್ಮನಿಗೆ ಮಾತ್ರ ಗೊತ್ತು. "ಯಾರ್ಗೂ ಹೇಳ್ಬ್ಯಾಡ" ಎಂದಿದ್ದ. ಅವಳೂ ಹೇಳಲಿಲ್ಲ. ಎರಡೇ ವರ್ಷದಲ್ಲಿ ಲಕ್ಷ್ಮಯ್ಯನ ಗದ್ದೆಯಲ್ಲಿ ಜೊಂಡು ಬಿಟ್ಟು ಬೇರೇನೂ ಬೆಳೆಯದಾಯಿತು, ಅವನ ಹಸುಗಳೆರಡೂ ತಿಂಗಳು ತುಂಬುವ ಮೊದಲೇ ಕಂದು ಹಾಕಿದವು.

ಹೋದ ತಿಂಗಳು ರಾಮನಗರದಲ್ಲಿ ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಕಾಯುವಾಗ ಕೆಂಪಯ್ಯ ತಾನಾಗಿಯೇ ಮಾತೆತ್ತಿದ.

"ಸಿದ್ದಿ, ನಂಗೆ ಕೆರೆ ನೀರೇ ಹುಯ್ಯಬೇಕು."

"ಈಗ್ಲೂ ಅದೇ ಜಂಬವಾ ನಿಮ್ದು?"

"ಜಂಬ ಅಲ್ಲ ಕಣೆ. ಅವತ್ತು ಒಂದೇ ಒಂದು ಮಾತು ದಿಟ ಹೇಳಿದ್ರೆ ಏನಾರಾ ಆಗ್ತಿತ್ತೇನೋ. ಊರ್ಗೆಲ್ಲ ಆ ನೀರು ಗಂಟು ಹಾಕ್ದೋನು ನಾನು. ನಂಗ್ಯಾಕೆ ಬ್ಯಾರೆ ನೀರು?" ಎಂದು ಸೂಜಿಯಿಂದ ಊದಿದ ಕೈ ಚಾಚಿದ. "ಮಾತು ಕೊಡು."

ಅವಳು ಆ ಕೈಯ ಮೇಲೆ ಕೈಯಿಟ್ಟಳು.

* * *

ತೂಬಿನ ಬಾಯಲ್ಲಿ ನೊರೆ ಮೊಣಕಾಲೆತ್ತರ ನಿಂತಿತ್ತು. ಸಿದ್ದಮ್ಮ ಸೆರಗು ಸಿಕ್ಕಿಸಿ ಬಿಂದಿಗೆ ಮುಳುಗಿಸಿದಳು. ಮೇಲೆ ಬಂದದ್ದು ಕರಿ ನೀರು, ಅದರ ಮೇಲೊಂದು ಎಣ್ಣೆಯ ಪದರ. ಬೆಳಗ್ಗೆಯಿಂದ ಬಾರದ ಅಳು ಅವಳಿಗೆ ಅಲ್ಲಿ ಬಂತು.

"ಎತ್ತು ಮೈ ತೊಳ್ಯಕೂ ಆಗಲ್ವಲ್ಲ ಕಣವ್ವ ಇದ್ರಲ್ಲಿ. ಅವ್ರ ಮೈಮ್ಯಾಲೆ ಹೆಂಗ್ ಹುಯ್ಯಲಿ?"

"ಹಂಗಾರೆ ಬ್ಯಾಡ ಬುಡಿ ಅತ್ತೆ."

"ತಪ್ಪು ಮಾಡಿದ್ರು, ಇಲ್ಲ ಅನ್ನಲ್ಲ. ಬಾಯ್ಬುಡ್ದೆ ಇದ್ದೋಳು ನಾನೂವೆ. ಇರೋಗಂಟ ಅನುಭೋಗ್ಸಿದ್ರಲ್ಲ, ಇನ್ನೂ ಎಷ್ಟು ಅಂತ?"

ಬಿಂದಿಗೆಯನ್ನು ಅಲ್ಲೇ ಬೋರಲು ಹಾಕಿದಳು. ವಾಪಸು ಬರುವ ದಾರಿಯಲ್ಲಿ ಪಂಚಾಯ್ತಿಯ ಫಿಲ್ಟರ್ ಘಟಕ. ಹುಣಸೆಹಣ್ಣು ಸಿಗದೆ ಬರೀ ಮಣ್ಣು ಹಾಕಿ ಬಿಂದಿಗೆಯನ್ನು ಮೂರು ಸಲ ಉಜ್ಜಿ ತೊಳೆದಳು. ನವ್ಯಶ್ರೀ ಕಾರ್ಡು ಒತ್ತಿ ನೀರು ಹಿಡಿದಳು.

"ಯಾರಾದ್ರೂ ಕೇಳಿದ್ರೆ ಅತ್ತೆ?"

"ಕೆರೇದೇ ಅಂತೀನಿ. ಅವ್ರು ಊರ್ಗೊಂದು ಸುಳ್ಳು ಹೇಳಿದ್ರು. ನಾನೊಂದು ಹೇಳ್ತೀನಿ."

* * *

ಬಿಂದಿಗೆಯ ನೀರನ್ನು ಹಲಗೆಯ ಪಕ್ಕದ ಅಗಲವಾದ ಕೊಳಗಕ್ಕೆ ಸುರಿದರು. ನೊರೆ ಇಲ್ಲ, ನಾತ ಇಲ್ಲ, ಕೊಳಗದ ತಳದ ಕಲೆಯೊಂದೊಂದೂ ಕಾಣುತ್ತಿತ್ತು. ಶಿವಕುಮಾರ ನೀರು ನೋಡಿದ, ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ನೆಲ ನೋಡಿದಳು.

"ಎಲ್ಲೀದವ್ವ ಇದು?"

"ತೂಬಿಂದು."

ಲಕ್ಷ್ಮಯ್ಯ ಕಂಬ ಹಿಡಿದು ಎದ್ದ. ಹದಿನಾಲ್ಕು ವರ್ಷದ ಸಿಟ್ಟನ್ನು ಕಾರಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಸಿಗುತ್ತಿರಲಿಲ್ಲ. ಒಂದು ಮಾತು ಆಡಿದರೆ ಸಾಕಿತ್ತು, ಗಂಡ ಹೆಂಡತಿ ಇಬ್ಬರ ಮರ್ಯಾದೆಯೂ ಅಂಗಳದಲ್ಲೇ ಹೋಗುತ್ತಿತ್ತು. ಸಿದ್ದಮ್ಮ ಹಲಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಕೊಳಗದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬಿಳಿ ಮಚ್ಚೆ ಎದ್ದ ಕೈಯನ್ನು ಮಣಿಕಟ್ಟಿನ ತನಕ ನೀರಿಗೆ ಇಳಿಬಿಟ್ಟು, ಬೆರಳುಗಳನ್ನೇ ನೋಡಿದ.

"ಕೆರೆ ನೀರೇ ಕಣ್ರಪ್ಪ" ಎಂದ ಕೊನೆಗೆ. "ಮುಂಚೆ ಹಿಂಗೇ ಇತ್ತು."

ಚೆಂಬು ತುಂಬಿ ಮೊದಲ ನೀರನ್ನು ಅವನೇ ಕೆಂಪಯ್ಯನ ನೆತ್ತಿಗೆ ಹುಯ್ದ. ಹಣೆಯ ಮೇಲೆ ಇಳಿದ ಕೂದಲನ್ನು ಹಿಂದಕ್ಕೆ ಸವರಿದ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಹಲಗೆಯಿಂದ ಇಳಿದ ನೀರು ಅಂಗಳದ ಇಳಿಜಾರು ಹಿಡಿದು ಕೊಟ್ಟಿಗೆಯತ್ತ ಹರಿಯಿತು. ಅಲ್ಲಿ ಕಟ್ಟಿದ್ದ ಕರು ಹಗ್ಗ ಜಗ್ಗಿ ಮೂತಿ ಚಾಚಿತು.

"ಹೆಣದ ನೀರು, ಹೈ ಹೈ!" ಎಂದು ಯಾರೋ ಕೋಲೆತ್ತಿದರು.

"ಬುಡಿ, ಕುಡೀಲಿ" ಎಂದಳು ಸಿದ್ದಮ್ಮ.

ಕರು ಒಮ್ಮೆ ಮೂಸಿತು, ಆಮೇಲೆ ತಲೆ ಎತ್ತದೆ ಕುಡಿಯತೊಡಗಿತು.