ಹೆಸರಿಗಷ್ಟೇ ನನ್ನ ಕುರಿ

ನನ್ನ ಅಣ್ಣ ಸಿದರಾಯನಿಗೆ ಮಾನ ಹೆಚ್ಚು, ಬುದ್ಧಿ ಕಡಿಮೆ. ಇದನ್ನು ಅವನ ಮುಖದ ಮೇಲೇ ಹೇಳಿದ್ದೇನೆ, ಇಲ್ಲಿ ಹೇಳಲು ನನಗೇನು ಅಂಜಿಕೆ?

ನನ್ನ ಗಂಡ ಬಾಳೇಶ ಬೆಳಗಾವಿಯಲ್ಲಿ ಸರಕಾರಿ ನೌಕರ. ಸದಾಶಿವನಗರದಲ್ಲಿ ಸ್ವಂತ ಮನೆ. ಬಡ್ತಿ ಸಿಕ್ಕ ಮೇಲೆ ಅವನ ಮೂಗು ಚುರುಕಾಯಿತು. ನನ್ನ ಮೈಗೆ ಕುರಿ ವಾಸನೆ ಎಂದ, ನನ್ನದು ಹಟ್ಟಿಯ ಮಾತು ಎಂದ. ತಾನು ಹುಟ್ಟಿದ್ದೂ ಕುರುಬರ ಹಟ್ಟಿಯಲ್ಲೇ ಎಂಬುದು ಮರೆತೇಹೋಗಿತ್ತು. ಕೊನೆಗೆ ವಿಚ್ಛೇದನಕ್ಕೆ ಅರ್ಜಿ ಹಾಕಿ ನನ್ನನ್ನು ತವರಿಗೆಂದು ಖಾನಾಪುರದ ಬಸ್ಸು ಹತ್ತಿಸಿದ.

ಹೋಗಲಿ, ಅವನ ಜೊತೆ ಬಾಳುವ ಆಸೆ ನನಗೂ ಉಳಿದಿರಲಿಲ್ಲ. ಆದರೆ ಇನ್ನು ಮುಂದೆ ಹೊಟ್ಟೆಗೇನು? ಮದುವೆಗೆಂದು ಅಣ್ಣ ಕಾಲೇಜು ಬಿಡಿಸಿದ್ದ. ಮದುವೆಯಾದ ಮೇಲೆ ಅಂಗನವಾಡಿ ಕೆಲಸ ಬಂದರೆ ಗಂಡ ಹೋಗಗೊಡಲಿಲ್ಲ. ಅದಕ್ಕೇ ವಕೀಲೆ ಪೂರ್ಣಿಮಾ ಅವರ ಮೂಲಕ ಜೀವನಾಂಶ ಕೇಳಿದೆ. ಕೇಳುವಾಗ ನಾಚಿಕೆಯಿಂದ ತಲೆ ತಗ್ಗಿಸಿದ್ದೆ.

“ಇದು ಭಿಕ್ಷಾ ಅಲ್ಲ ಅಕ್ಕಾರ,” ಎಂದರು ಅವರು. “ದುಡ್ಯಾಕ ಬಿಡಲಾರ್ದ ಮನ್ಯಾಗ ಕುಂದರಿಸಿದಾವನ ಹೊಣಿ.”

ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ, ಮುಗಿದ ಮೇಲೆ ತಿಂಗಳಿಗಿಷ್ಟು ಅಥವಾ ಒಂದೇ ಗಂಟು ಎಂದು ಬಿಡಿಸಿ ಹೇಳಿದರು. ಅವನ ಪಗಾರ, ನನ್ನ ಗಳಿಕೆ, ಆ ಮನೆಯಲ್ಲಿ ನಾನು ಬಾಳಿದ ರೀತಿ, ಎಲ್ಲವನ್ನೂ ಕೋರ್ಟು ನೋಡುತ್ತದಂತೆ. ತವರಿನವರು ಅನ್ನ ಹಾಕುತ್ತಾರೆಂದು ಗಂಡ ಜಾರಿಕೊಳ್ಳುವಂತಿಲ್ಲ, ಆದರೆ ನನಗೇ ಸ್ವಂತ ಆದಾಯವಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಆದಾಯವಿಲ್ಲವೆಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಅದು ಖರೇ ಮಾತೇ ಆಗಿತ್ತು.

ಕೋರ್ಟಿನಲ್ಲಿ ರಾಜಿಗೆ ಕೂರಿಸಿದ ದಿನ ಅಣ್ಣನೂ ಬಂದ. ಹೆಗಲ ಮೇಲೆ ಕಂಬಳಿ, ಮೀಸೆಗೆ ಎಣ್ಣೆ. ಬಾಳೇಶನ ವಕೀಲ ನಗುತ್ತ, ತವರಿನಲ್ಲಿ ಈಕೆಗೆ ಕೂಳು ಹಾಕುವವರು ಯಾರೂ ಇಲ್ಲವೇನು ಎಂದು ಕೇಳಿದ. ಅಷ್ಟು ಸಾಕಾಯಿತು. ಅಣ್ಣ ಎದ್ದು ನಿಂತ.

“ನಮ್ಮ ತಂಗಿಗೆ ಏನ್ ಕಡಿಮಿ ಐತ್ರಿ? ನಮ್ಮ ಹಿಂಡಿನ್ಯಾಗ ಆಕಿವು ನಲವತ್ತು ಕುರಿ ಅದಾವು. ಇವನ ರೊಕ್ಕ ಯಾರಿಗೆ ಬೇಕಾಗೇತಿ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಳೇಶ ಕೆಳಗೆ ನೋಡುತ್ತ ನಕ್ಕ. ಆ ನಗೆ ನೋಡಿ ನನ್ನ ಮೈಯೆಲ್ಲ ಉರಿಯಿತು.

ನಮ್ಮಲ್ಲಿ ಮಗಳ ಮದುವೆಯಲ್ಲಿ ಒಂದು ಹೆಣ್ಣು ಕುರಿಯನ್ನು ಬಳುವಳಿ ಎಂದು ಬಿಡುತ್ತಾರೆ. ಅದು ತವರಿನ ಹಿಂಡಿನಲ್ಲೇ ಬೆಳೆಯುತ್ತದೆ. ನನ್ನ ಕುರಿಯ ಸಂತಾನಕ್ಕೆಲ್ಲ ನನ್ನ ಅವ್ವ ಫಕೀರವ್ವ ಗುರುತಿಗೆಂದು ಎಡಗಿವಿ ಕೊಯ್ದು ಕಚ್ಚು ಹಾಕುತ್ತಾಳೆ. ಕಚ್ಚು ಇರುವವೆಲ್ಲ ಪ್ರಮಿಳಾಳವು, ಅಂದರೆ ನನ್ನವು, ಎಂದು ಊರಿಗೆಲ್ಲ ಗೊತ್ತು. ಅವುಗಳನ್ನು ಮಾರಿದ ದುಡ್ಡು ಎಲ್ಲಿ ಹೋಯಿತು ಎಂಬುದು ಯಾರಿಗೂ ಗೊತ್ತಿಲ್ಲ. ನಾನು ಹೇಳುತ್ತೇನೆ: ಅಣ್ಣನ ಮನೆಗೆ ಸ್ಲ್ಯಾಬು ಬಿತ್ತು, ಮೋಟಾರ್ ಸೈಕಲ್ ಬಂತು. ನನಗೆ ಪಂಚಮಿಗೊಂದು ಸೀರೆ.

ನಾನು ಕುರಿಗಳನ್ನು ಮುಚ್ಚಿಟ್ಟು ಸುಳ್ಳು ಪ್ರಮಾಣ ಮಾಡಿದ್ದೇನೆ, ನನಗೆ ಬಿಡಿಗಾಸೂ ಕೊಡಬಾರದು ಎಂದು ಬಾಳೇಶನ ಕಡೆಯವರು ತಕರಾರು ಹಾಕಿದರು. ಅಣ್ಣನೇ ಬಂದು ಸಾಕ್ಷಿ ಹೇಳಬೇಕು, ಬೇರೆ ದಾರಿಯಿಲ್ಲ ಎಂದರು ಪೂರ್ಣಿಮಾ.

ಆ ಸಂಜೆ ಅಣ್ಣನೆದುರು ಕೂತು ಎರಡೇ ದಾರಿ ಇಟ್ಟೆ. ಕುರಿ ನನ್ನವಾಗಿದ್ದರೆ ಬೇರೆ ಮಾಡಿ ನನ್ನ ಕೈಗೆ ಕೊಡು, ಅಲ್ಲವಾದರೆ ಕೋರ್ಟಿನಲ್ಲಿ ಹಾಗೆ ಹೇಳು ಎಂದೆ. ಅವನು ಊಟ ಬಿಟ್ಟು ಎದ್ದ. ಮಂದಿ ಏನಂದಾರು ಎಂದ. ತಂಗಿ ಬೀದಿಗೆ ಬಿದ್ದರೆ ಮಂದಿ ಏನೂ ಅನ್ನುವುದಿಲ್ಲ, ಅಣ್ಣನ ಮೀಸೆ ಇಳಿದರೆ ಅನ್ನುತ್ತಾರೆ! ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಒಳಗೊಳಗೇ ನನಗೊಂದು ಆಸೆ ಇತ್ತು. ‘ಒಯ್ಯಿ ತಂಗಿ, ನಿನ್ನವು’ ಎಂದು ಅಂದುಬಿಟ್ಟಾನು ಎಂದು ಕಾದೆ. ಕುರಿ ಸಿಕ್ಕರೆ ಗಂಡನ ಪಗಾರ ಯಾರಿಗೆ ಬೇಕಿತ್ತು?

ಅಣ್ಣ ಕುರಿ ಕೊಡಲಿಲ್ಲ, ಕೋರ್ಟಿಗೆ ಬಂದ. ಈ ಸಲ ಮೀಸೆಗೆ ಎಣ್ಣೆ ಇರಲಿಲ್ಲ.

“ಅವು ಹೆಸರಿಗಷ್ಟ ಆಕಿವು ರೀ,” ಎಂದ. “ಮಾರಿದ್ದು, ತಿಂದಿದ್ದು ಎಲ್ಲಾ ನಾನ. ಆಕಿದು ಅಂತ ನಮ್ಮ ಮನ್ಯಾಗ ಏನೂ ಇಲ್ರಿ.”

ಬಾಳೇಶನ ನಗು ಇಂಗಿಹೋಯಿತು. ತಿಂಗಳು ತಿಂಗಳು ಮಧ್ಯಂತರ ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಪೂರ್ಣಿಮಾ ನನ್ನ ಕೈ ಹಿಡಿದು, ಗೆದ್ದಿರಿ ಎಂದರು. ಹೌದು, ಗೆದ್ದೆ. ಗಂಡನ ಮನೆ ಹೋದದ್ದು ಗೊತ್ತಿತ್ತು. ತವರೂ ಇಲ್ಲವೆಂದು ತುಂಬಿದ ಕೋರ್ಟಿನಲ್ಲಿ ಸಾಬೀತು ಮಾಡಿ ಗೆದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರಲ್ಲ, ಈಗ ಅದಕ್ಕೆ ಸಾಕ್ಷಿಯೂ ಆಯಿತು. ಖಾನಾಪುರದವರೆಗೆ ಬಸ್ಸಿನಲ್ಲಿ ಅಣ್ಣ ಮುಂದಿನ ಸೀಟು, ನಾನು ಹಿಂದಿನದು.

ಹಟ್ಟಿ ತಲುಪಿದಾಗ ಹೊತ್ತು ಇಳಿದಿತ್ತು. ನನ್ನ ಬಳುವಳಿ ಕುರಿಯ ಮೊಮ್ಮಗಳು ಈದಿತ್ತು. ಅವ್ವ ದೊಡ್ಡಿಯ ಬಾಗಿಲಲ್ಲಿ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾವತ್ತಿನಂತೆ ಕೈಯಲ್ಲಿ ಬ್ಲೇಡು ಹಿಡಿದಿದ್ದಳು. ನನ್ನನ್ನು ನೋಡಿ, “ಹೆಣ್ಣು ಮರಿ, ಪ್ರಮೀ. ನಿಂದು,” ಎಂದು ನಕ್ಕಳು. ಕೋರ್ಟಿನಲ್ಲಿ ನಡೆದದ್ದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಅಣ್ಣ ದೊಡ್ಡಿಯ ಕಡೆ ಬೆನ್ನು ತಿರುಗಿಸಿ ನಿಂತ.

ನಾನು ಹೋಗಿ ಆ ಎಡಗಿವಿಯನ್ನು ಬೆರಳಲ್ಲಿ ಮುಚ್ಚಿ ಹಿಡಿದೆ.

“ಬ್ಯಾಡವ್ವ,” ಎಂದೆ. “ನಂದಲ್ಲ ಅಂತ ಅಣ್ಣ ಆಣಿ ಮಾಡಿ ಬಂದಾನ. ಇದರ ಕಿವಿಯಾದ್ರೂ ಉಳೀಲಿ.”