ಅರ್ಧ ಖಾಲಿಯಾದ ಬಾಟಲಿ

ಗುಂಡಿ ಕಿತ್ತುಹೋದ ಅಂಗಿಯನ್ನು ಹುಡುಕುತ್ತ ಮೆಕ್ಯಾನಿಕ್ ಹೆಂಡತಿಯ ಕಪಾಟಿಗೆ ಕೈಹಾಕಿದ. ಹಳೆಯ ಸ್ವೆಟರಿನ ತೋಳೊಳಗೆ ಒಂದು ಪುಟ್ಟ ಪಾರದರ್ಶಕ ಬಾಟಲಿ ಸಿಕ್ಕಿತು. ಅದರ ಮೇಲಿನ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಮುಚ್ಚಿಟ್ಟದ್ದನ್ನು ಕಂಡ ಮೇಲೆ ಅಂಗಿ ಯಾರಿಗೆ ಬೇಕು?

ಇಪ್ಪತ್ತೆಂಟು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿದವನು ಅವನು. ಯಾವ ಎಣ್ಣೆಯಾದರೂ ಎರಡು ಬೆರಳ ನಡುವೆ ಸಿಕ್ಕರೆ ತನ್ನ ಜಾತಕ ಹೇಳಲೇಬೇಕು. ಒಂದು ಹನಿ ತೆಗೆದು ತಿಕ್ಕಿದ. ಮೊದಲು ಜಾರಿತು, ಆಮೇಲೆ ಅಂಟಂಟಾಯಿತು. ‘ಇದೆಂಥ ಕಳಪೆ ಮಾಲಪ್ಪಾ’ ಎಂದುಕೊಂಡು ನೀರು ಸೋಕಿಸಿದರೆ ಮತ್ತೆ ಜಾರತೊಡಗಿತು. ಕಾಗದದ ಮೇಲೆ ಬಿಟ್ಟ ಹನಿ ಜಿಡ್ಡಿನ ಗುರುತೇ ಇಲ್ಲದೆ ಒಣಗಿತು. ಇದು ಎಣ್ಣೆಯೇ ಅಲ್ಲ. ಗಂಡಹೆಂಡಿರು ಹಾಸಿಗೆಯಲ್ಲಿ ಹಚ್ಚಿಕೊಳ್ಳುವ ಜೆಲ್ ಎಂದು ಹೊಳೆದಾಗ ಐವತ್ತು ದಾಟಿದ ಗಂಡಸಿನ ಕಿವಿ ಬಿಸಿಯಾಯಿತು.

ಬಾಟಲಿ ಅರ್ಧ ಖಾಲಿಯಾಗಿತ್ತು. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಲು ಶುರುಮಾಡಿ ವರ್ಷವಾಗಿತ್ತು. ‘ಇವತ್ತು ಬೇಡ ರೀ’ ಅನ್ನುವುದನ್ನೂ ಅವಳು ಬಿಟ್ಟಿದ್ದಳು, ಯಾಕೆಂದರೆ ಅವನು ಕೇಳುವುದನ್ನೇ ಬಿಟ್ಟಿದ್ದ. ತನ್ನ ಜೊತೆ ಒಂದು ಹನಿಯೂ ಖರ್ಚಾಗಿಲ್ಲ. ಹಾಗಾದರೆ ಯಾರ ಜೊತೆ?

ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಅನುಮಾನ ಹೊಕ್ಕ ತಲೆಗೆ ನೇರ ದಾರಿ ಕಾಣುವುದಿಲ್ಲ. ಮಿಷನ್ ಸೂಜಿಯ ಮೊನೆಯಿಂದ ಜೆಲ್ ಇದ್ದ ಮಟ್ಟಕ್ಕೆ ಬಾಟಲಿಯ ಮೇಲೆ ಒಂದು ಸಣ್ಣ ಗೆರೆ ಕೊರೆದು, ಇದ್ದ ಹಾಗೇ ತೋಳೊಳಗೆ ತುರುಕಿದ. ದಿನವೂ ಕದ್ದು ನೋಡಿದ. ಎರಡು ವಾರದಲ್ಲಿ ಲೆಕ್ಕ ಸಿಕ್ಕಿತು: ಜೆಲ್ ಇಳಿಯುವುದು ಮಂಗಳವಾರ ಮತ್ತು ಶುಕ್ರವಾರ. ಅವನು ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಗೆ ಯಂತ್ರ ನೋಡಲು ಹೋಗುವ ದಿನಗಳೇ ಅವು.

ಪರಿಚಯದವರಿಲ್ಲದ ಬೀದಿಯ ಔಷಧಿ ಅಂಗಡಿಗೆ ಹೋದ. ಕನ್ನಡಕ ಹಾಕಿದ ಹೆಂಗಸೊಬ್ಬಳು ಕೂತಿದ್ದಳು.

“ಅದು... ಜಾರೋ ಜೆಲ್ ಇರುತ್ತಲ್ಲ ಮೇಡಂ. ನನಗಲ್ಲ, ಸ್ನೇಹಿತನಿಗೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಯಾರಿಗೆ ಅಂತ ಅವಳು ಕೇಳಿಯೇ ಇರಲಿಲ್ಲ. ಅವಳು ಕೆಮ್ಮಿನ ಔಷಧಿ ಕೊಡುವವಳಂತೆ ಮೂರು ಡಬ್ಬಿ ಇಟ್ಟಳು.

“ಇದು ನೀರಿಂದು. ತೊಳೆದ್ರೆ ಹೋಗುತ್ತೆ, ಬಟ್ಟೆಗೆ ಕಲೆಯಿಲ್ಲ, ಆದ್ರೆ ಬೇಗ ಒಣಗುತ್ತೆ. ಇದು ಸಿಲಿಕೋನ್. ಬಹಳ ಹೊತ್ತು ಇರುತ್ತೆ, ನೀರಿಗೂ ಜಗ್ಗಲ್ಲ, ಸೋಪೇ ಬೇಕು. ಎಣ್ಣೇದೂ ಬಹಳ ಹೊತ್ತು ಇರುತ್ತೆ, ಆದ್ರೆ ಹಾಸಿಗೆಗೆಲ್ಲ ಜಿಡ್ಡು. ರಬ್ಬರ್ ಕಾಂಡೋಮ್ ಹಾಕೋರು ಎಣ್ಣೆ ಮುಟ್ಟಬಾರದು, ಹರಿದುಹೋಗುತ್ತೆ. ಅಂಥೋರಿಗೆ ನೀರಿಂದು ಇಲ್ಲಾ ಸಿಲಿಕೋನ್. ನಿಮ್ಮ ಸ್ನೇಹಿತರು ಕಾಂಡೋಮ್ ಹಾಕ್ತಾರಾ?”

“ಇಲ್ಲ” ಎಂದ. ಎರಡನೇ ಮಗುವಾದ ಮೇಲೆ ಹೆಂಡತಿಗೆ ಆಪರೇಷನ್ ಆಗಿತ್ತು. ಅವರ ಮನೆಯಲ್ಲಿ ಕಾಂಡೋಮ್ ಕಂಡು ಎಷ್ಟೋ ವರ್ಷವಾಗಿತ್ತು. ಆದರೂ ಹೆಂಡತಿ ಕಾಂಡೋಮಿಗೆ ಒಗ್ಗುವ ನೀರಿನದನ್ನೇ ಆರಿಸಿದ್ದಾಳೆ. ಅಂದರೆ ಆ ಇನ್ನೊಬ್ಬ ಯಾರೇ ಇರಲಿ, ಬಲು ಜಾಗ್ರತೆಯ ಮನುಷ್ಯ. ಏನನ್ನೂ ಕೊಳ್ಳದೆ ಮೆಕ್ಯಾನಿಕ್ ಮೆಟ್ಟಿಲಿಳಿದ. ಅಳು ಬಂದಿತ್ತು, ನುಂಗಿಕೊಂಡ.

ಶುಕ್ರವಾರ ಕಾರ್ಖಾನೆಗೆ ಹೊರಟವನು ಅರ್ಧ ದಾರಿಯಿಂದ ಹಿಂತಿರುಗಿದ. ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದ. ತುಸು ಹೊತ್ತಿನ ಮೇಲೆ ಹೆಂಡತಿ ತೆರೆದಳು. ಅವಳನ್ನು ದಾಟಿ ನುಗ್ಗಿ ಬಾಗಿಲ ಸಂದಿ, ಬಚ್ಚಲು, ಕಪಾಟಿನ ಹಿಂದೆ ಎಲ್ಲ ನೋಡಿದ. ಮಂಡಿಯೂರಿ ಮಂಚದ ಕೆಳಗೂ ಇಣುಕಿದ. ಅಲ್ಲಿ ಒಂಟಿ ಚಪ್ಪಲಿಯೊಂದು ಬಿದ್ದಿತ್ತು, ಅದೂ ಅವನದೇ.

“ಏನ್ರೀ ಹುಡುಕ್ತಿದ್ದೀರಿ?”

“ಯಾರವನು?”

ಹಾಸಿಗೆಯ ಮೇಲಿದ್ದ ಬಾಟಲಿಯನ್ನು ಅವಳು ಕೈಗೆತ್ತಿಕೊಂಡಳು. “ಓಹೋ, ಈ ಗೆರೆ ನಿಮ್ಮದೇನಾ? ಬಾಟಲಿ ಒಡೀತಿದೆಯೇನೋ ಅಂದ್ಕೊಂಡಿದ್ದೆ.”

“ಮಾತು ಹಾರಿಸ್ಬೇಡ. ಯಾರು?”

“ಯಾರೂ ಇಲ್ಲ. ಮುಟ್ಟು ನಿಂತ ಮೇಲೆ ಕೆಲವರಿಗೆ ಒಳಗೆಲ್ಲ ಒಣಗಿಬಿಡುತ್ತಂತೆ. ಡಾಕ್ಟರಮ್ಮ ಹೇಳಿದ್ರು. ಮೊದಲು ತಂದಿದ್ದು ಘಮಘಮ ಅನ್ನೋದು, ಮೆಣಸಿನಕಾಯಿ ಹಚ್ಚಿದ ಹಾಗೆ ಉರೀತು. ಇದರಲ್ಲಿ ವಾಸನೆಯಿಲ್ಲ. ಒಬ್ಬಳೇ ಹಚ್ಚಿ ನೋಡ್ಕೋತಿದ್ದೀನಿ, ನೋವು ಎಷ್ಟು ಕಮ್ಮಿಯಾಯ್ತು ಅಂತ. ಪೂರ್ತಿ ಹೋದ ಮೇಲೆ ನಾನೇ ನಿಮ್ಮನ್ನ ಕರೀತಿದ್ದೆ.”

ನಂಬಬೇಕೆಂದು ಅವನ ಜೀವ ಹಂಬಲಿಸಿತು. ನಾಲಿಗೆ ಮಾತ್ರ ಇನ್ನೂ ಪೊಲೀಸನದೇ. “ನಾನಿಲ್ಲದ ದಿನಾನೇ ಯಾಕೆ?”

“ನೋವಾದ್ರೆ ಅಳಬಹುದಲ್ಲ” ಎಂದಳು. “ನೀವು ಪಕ್ಕದಲ್ಲಿದ್ದಾಗ ಎಷ್ಟು ಸಲ ದಿಂಬು ಕಚ್ಚಿ ಸುಮ್ಮನಿದ್ದೆ ಗೊತ್ತಾ? ನಿಮಗೆ ಬೇಜಾರಾಗುತ್ತೆ ಅಂತ. ಆಮೇಲೆ ಆಗಲಿಲ್ಲ, ತಿರುಗಿ ಮಲಗಿದೆ. ಅವತ್ತಿಂದ ಒಂದು ದಿನ, ಒಂದೇ ಒಂದು ದಿನ, ಯಾಕೆ ಅಂತ ಕೇಳಿದ್ರಾ? ಬಾಟಲಿಗೆ ಗೆರೆ ಕೊರೆಯೋಕೆ ಪುರುಸೊತ್ತಿತ್ತು ನಿಮಗೆ.”

ಮಂಡಿಯೂರಿದ್ದವನು ನೆಲದ ಮೇಲೇ ಕೂತುಬಿಟ್ಟ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿತ್ತು. ಕ್ಷಮಿಸು ಅನ್ನಬೇಕೆಂದುಕೊಂಡ; ಅದು ತನ್ನ ಭಾರ ಇಳಿಸಿಕೊಳ್ಳುವ ಮಾತು ಅನಿಸಿತು. ಕೊನೆಗೆ ತಲೆಯೆತ್ತಿದ.

“ಬಹಳ ನೋಯ್ತಿತ್ತೇನೇ?”

ಗಂಡ ಅಷ್ಟು ಅನುಮಾನಿಸಿದರೂ ಕಣ್ಣು ಒದ್ದೆಮಾಡಿಕೊಳ್ಳದೆ ನಿಂತಿದ್ದವಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಅವನ ಎದುರಿಗೇ ಕೂತು, ಬಾಯಿಬಿಟ್ಟು ಅತ್ತಳು.