ಹೆಣ ಆಡಿದ ಮಾತು

ರಷ್ಯದ ಒಂದು ಹಳೆಯ ಕಾದಂಬರಿಯನ್ನು ನಮ್ಮ ನಿರ್ದೇಶಕ ಉಕಾಯ್ ನಾಟಕ ಮಾಡುತ್ತಾನೆಂದು ತಿಳಿದಾಗ ತಂಡವೆಲ್ಲ ಹಿಗ್ಗಿತ್ತು. ಸಾವಿರ ಪುಟದ ಪುಸ್ತಕ, ಎಲ್ಲರಿಗೂ ಒಂದೊಂದು ಪಾತ್ರ ಸಿಗುವುದು ಗ್ಯಾರಂಟಿ. ಉಕಾಯ್ ಮೊದಲು ಯುದ್ಧವನ್ನು ತೆಗೆದುಹಾಕಿದ. ಆಮೇಲೆ ಕುಣಿತದ ಕೂಟಗಳು, ಮಕ್ಕಳು, ದೇವರ ಬಗೆಗಿನ ಚರ್ಚೆ ಎಲ್ಲವೂ ಹೋದವು. ಕೊನೆಗೆ ಮಾತುಗಳೂ ಹೋದವು. ಉಳಿದದ್ದು ಸತ್ತ ಹೆಂಡತಿ, ಪಕ್ಕದಲ್ಲಿ ಮಂಡಿ ಮಡಚಿ ಕೂತ ಗಂಡ, ಎರಡು ಗಂಟೆಯ ಮೌನ. ನನ್ನದು ದೀಪದ ಕೆಲಸವಾದ್ದರಿಂದ ನಾನೂ ಉಳಿದೆ.

"ನಟನೆಯ ಮೌನ ಬೇಡ, ಅಸಲಿ ಮೌನ ಬೇಕು" ಎಂದು ಅವನು ಸೆಗಾವಾ ತೆತ್ಸುಜಿಯನ್ನೂ ಒರಿಯೆಯನ್ನೂ ಕರೆಸಿದ. ಅರವತ್ತು ದಾಟಿದ ಈ ನಟರು ಒಂದು ಕಾಲದಲ್ಲಿ ಗಂಡ ಹೆಂಡತಿ. ವಿಚ್ಛೇದನವಾದ ಮೇಲೆ ಒಂದೇ ಟೋಕಿಯೋದಲ್ಲಿದ್ದೂ ಒಬ್ಬರ ದಾರಿಗೊಬ್ಬರು ಬಿದ್ದವರಲ್ಲ. ಅಪ್ಪಿತಪ್ಪಿ ಎದುರಾದರೆ ಒರಿಯೆ "ಸೆಗಾವಾ ಅವರೇ" ಎಂದು ಬ್ಯಾಂಕಿನವರ ಹಾಗೆ ತಲೆ ಬಾಗಿಸುತ್ತಿದ್ದಳು. ಇನ್ನೊಬ್ಬರು ಒಲ್ಲೆನ್ನುತ್ತಾರೆ ಎಂದುಕೊಂಡು ಇಬ್ಬರೂ ಒಪ್ಪಿಬಿಟ್ಟರು.

ತಾಲೀಮಿನಲ್ಲಿ ಉಕಾಯ್‌ಗೆ ಹೇಳಿಕೊಡಲು ಏನೂ ಇರಲಿಲ್ಲ. "ನೋಡಿ, ಇದು ರಷ್ಯ!" ಎಂದು ಕಣ್ಣೊರೆಸಿಕೊಂಡ. ಗಂಡನ ಉಸಿರು ಪ್ರೇಕ್ಷಕರಿಗೆ ಕೇಳಲೆಂದು ಹೆಣದ ದಿಂಬಿನ ಕೆಳಗೆ ಮೈಕ್ ಇಡಿಸಿದ.

ಮೊದಲ ಪ್ರದರ್ಶನಕ್ಕೆ ಶಿಮೊಕಿತಾಜಾವಾ ಬಡಾವಣೆಯ ನೆಲಮಾಳಿಗೆಯ ರಂಗಮಂದಿರ ತುಂಬಿತ್ತು. ಸ್ವಲ್ಪ ಹೊತ್ತಿಗೇ ಸೆಗಾವಾ ಮುಖ ಕಿವುಚತೊಡಗಿದ. ಆಗ ಹೆಣ ಪಿಸುಗುಟ್ಟಿತು.

"ರೀ, ಕಾಲು ಜೋಮು ಹಿಡೀತಾ?"

"ನೀನು ಸತ್ತಿದ್ದೀಯ. ಸುಮ್ನಿರು."

"ಸತ್ತೋರಿಗೇನು ಕಾಣಲ್ವಾ? ಒಂದ್ಕಡೆ ವಾಲಿ ಕೂತ್ಕೊಳ್ಳಿ, ಯಾರೂ ನೋಡಲ್ಲ."

"ಜನ ಟಿಕೆಟ್ ತಗೊಂಡು ಬಂದಿರೋದೇ ನೋಡೋಕೆ ಕಣೇ."

ಮೈಕನ್ನು ಇಬ್ಬರೂ ಮರೆತಿದ್ದರು. ಧ್ವನಿ ನಿಲ್ಲಿಸಬೇಕಾದ ಉಕಾಯ್ ನನ್ನ ಪಕ್ಕದಲ್ಲಿ ಬಾಯಿ ಬಿಟ್ಟು ನಿಂತಿದ್ದ.

"ಅತ್ತೆ ಹೋದಾಗ ಬರ್ಬೇಕು ಅಂತ ಕಪ್ಪು ಕಿಮೋನೋ ತೆಗೆದಿಟ್ಟಿದ್ದೆ. ನೀವು ಕರೀಲೇ ಇಲ್ಲ."

"ಕರೆದ್ರೂ ಬರಲ್ಲ ಅಂದ್ಕೊಂಡೆ." ಸೆಗಾವಾ ತಡೆದು ಹೇಳಿದ. "ಅಮ್ಮ ಕೊನೇವರ್ಗೂ ನಿನ್ನ ಮಿಸೊ ಸಾರೇ ಕೇಳ್ತಿದ್ಲು. ನಾನು ಮಾಡಿದ್ದನ್ನ ಪಾತ್ರೆ ತೊಳೆದ ನೀರು ಅಂದ್ಲು."

ಹೆಣದ ಹೊಟ್ಟೆ ನಗುವಿಗೆ ಕುಲುಕಿತು. ಸೆಗಾವಾನ ಭುಜಗಳೂ ಅಲುಗಿದವು, ಆದರೆ ಅವನು ನಗುತ್ತಿರಲಿಲ್ಲ.

ಚಪ್ಪಾಳೆ ನಿಲ್ಲಲೇ ಇಲ್ಲ. ರಷ್ಯದ ಹೆಣದ ಮುಂದೆ ಮಿಸೊ ಸಾರಿನ ಮಾತು ತಂದದ್ದು ಇತ್ತೀಚಿನ ರಂಗಭೂಮಿಯ ಅತಿ ದಿಟ್ಟ ಹೆಜ್ಜೆ ಎಂದು ವಿಮರ್ಶಕನೊಬ್ಬ ಬರೆದ. "ಅದೆಲ್ಲ ಬಹಳ ಯೋಚಿಸಿ ಮಾಡಿದ್ದು" ಎಂದ ಉಕಾಯ್ ಪತ್ರಿಕೆಯವರಿಗೆ. ಮಾರನೆಯ ದಿನ ಆ ಮಾತುಗಳನ್ನೇ ಟೈಪ್ ಮಾಡಿಸಿ ತಂದ.

"ದಿನಾ ಇದೇ ಮಾತು ಆಡ್ಬೇಕು. ನಗೋದು ಮಾತ್ರ ಸ್ವಲ್ಪ ತಡವಾಗಿ."

ಒರಿಯೆ ಓದಿ ಮುಗಿಸಿದಳು. "ನಮ್ಮತ್ತೆ ವಿಷಯ ಬರೆಸಿದ್ದೀಯಲ್ಲಪ್ಪ, ನಿಂಗೆ ಅವ್ರು ಗೊತ್ತಾ?"

"ಅಲ್ಲಮ್ಮ, ಕಲೆ ಅಂದ್ಮೇಲೆ..."

"ಮಾತು ಬೇಡ ಅಂತ ಕರೆಸ್ದೋನು ನೀನೇ ತಾನೇ?"

ಉಕಾಯ್ ಸೆಗಾವಾನತ್ತ ತಿರುಗಿದ. "ಅವಳು ಹೇಳಿದ ಹಾಗೇ" ಎಂದ ಸೆಗಾವಾ. ಸಂಸಾರ ಮಾಡಿದಷ್ಟು ಕಾಲವೂ ಆ ಮಾತು ಅವನ ಬಾಯಿಂದ ಬಂದಿರಲಿಕ್ಕಿಲ್ಲ, ಒರಿಯೆ ತಿರುಗಿ ಅವನ ಮುಖವನ್ನೇ ನೋಡಿದಳು.

ಅಲ್ಲಿಂದ ಮುಂದೆ ಇಬ್ಬರೂ ಉಕಾಯ್ ಮೊದಲು ಕೇಳಿದಂತೆಯೇ ಆಡಿದರು. ತುಟಿ ಪಿಟಕ್ಕೆನ್ನಲಿಲ್ಲ. ಮಿಸೊ ಸಾರಿಗೆಂದು ಬಂದ ಜನ ಕೆಮ್ಮಿ, ಆಕಳಿಸಿ, ಎದ್ದು ಹೋದರು. ಅದೇ ವಿಮರ್ಶಕ ಇನ್ನೊಮ್ಮೆ ಬಂದು, ಹೆಣದಲ್ಲಿ ಜೀವಕಳೆಯಿಲ್ಲ ಎಂದು ಬರೆದ. ನಾಟಕ ಅವಧಿಗೆ ಮುಂಚೆಯೇ ನಿಂತಿತು.

ಅವರಿಬ್ಬರು ಮತ್ತೆ ಮದುವೆಯಾಗಲಿಲ್ಲ. ಭಾನುವಾರ ಮಧ್ಯಾಹ್ನ ಸ್ಟೇಷನ್ನಿನ ಹಿಂದಿನ ಸೋಬಾ ನೂಡಲ್ಸ್ ಅಂಗಡಿಯಲ್ಲಿ ಸೇರುತ್ತಾರೆ. ಈರುಳ್ಳಿ ಹೆಚ್ಚಾಯಿತೆಂದು ಶುರುವಾದ ಜಗಳ ಹಳೆಯದನ್ನೆಲ್ಲ ಕೆದಕಿಕೊಂಡು ಬರುತ್ತದೆ. ಮೊನ್ನೆ ಅಂಗಡಿಯವನು ಬಂದು, "ಸ್ವಲ್ಪ ಮೆತ್ತಗೆ ಮಾತಾಡ್ತೀರಾ?" ಎಂದು ಕೈಮುಗಿದ. ಇಬ್ಬರೂ ಒಟ್ಟಿಗೇ ಅವನ ಮೇಲೆ ಹರಿಹಾಯ್ದರು.